ಅಂಗಸಾಧನೆಯೂ ಆಹಾರವೂ

(ಬೆಳಗಾವಿಯ ಮಹಾಂತೇಶ ನಗರದಲ್ಲಿ ಕೂಡಿದ ನಾಗರಿಕರ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಇಂದು ತಮ್ಮ ಮುಂದೆ ಎತ್ತಿಕೊಂಡಿರುವ ವಿಷಯವು ದೊಡ್ಡ ಶಾಸ್ತ್ರದ್ದೇನೂ ಅಲ್ಲ. ಅದು ಹೊಟ್ಟೆಯ ವಿಷಯ. ಹೊಟ್ಟೆಗೆ ಏನು ಹಾಕಬೇಕು, ಹಾಕಿದ್ದನ್ನು ಹೇಗೆ ಅರಗಿಸಬೇಕು, ಅರಗಿದ್ದು ಮೈಯಲ್ಲಿ ಕಸುವಾಗಿ ನಿಲ್ಲಬೇಕೋ ಬೊಜ್ಜಾಗಿ ಜೋಲಬೇಕೋ ಎಂಬಷ್ಟೇ ನಮ್ಮ ವಿಚಾರವು. ಆದರೆ ಈ ಸಣ್ಣ ವಿಷಯದ ಮೇಲೆಯೇ ಎಷ್ಟೋ ಮನೆಗಳ ನೆಮ್ಮದಿಯು ನಿಂತಿದೆ. ನಮ್ಮ ಶಿಕ್ಷಕರಲ್ಲಿಯೇ ನೋಡಿರಿ: ನಲವತ್ತೈದು ತುಂಬುವದರೊಳಗಾಗಿ ಸಕ್ಕರೆ ರೋಗದ ಗುಳಿಗೆಯು ಸೀಮೆಸುಣ್ಣದ ಸಂಗಡ ಚೀಲವನ್ನು ಸೇರಿದವರು ಎಷ್ಟು ಮಂದಿ! ದೇಶದಲ್ಲಿ ಈ ರೋಗವುಳ್ಳವರು ಹತ್ತು ಕೋಟಿಗೂ ಮೇಲೆ ಇರುವರೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ಹೇಳಿತು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಪ್ರಾಪ್ತ ವಯಸ್ಸಿನ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ನೂರಕ್ಕೆ ಮೂವತ್ತರಷ್ಟು ಜನರು ತೂಕ ಮೀರಿದವರೆಂದು ಕಂಡುಬಂದಿತು. ಇದು ಶ್ರೀಮಂತರ ರೋಗವೆಂದು ನಗುವ ಕಾಲವು ಹೋಯಿತು.

ಮಹಾಂತೇಶ ನಗರದ ಬೆಳಗನ್ನು ಬಲ್ಲವರಿಗೆ ನಾವು ಹೊಸದೇನನ್ನೂ ಹೇಳಬೇಕಾಗಿಲ್ಲ. ಸೂರ್ಯೋದಯಕ್ಕೆ ಮುಂಚೆಯೇ ಕಣಬರ್ಗಿಯ ದಾರಿ ಹಿಡಿದು ನಡೆಯುವವರ ಸಾಲು ಇರುತ್ತದೆ. ತಲೆಗೆ ಮಫ್ಲರು, ಕಾಲಿಗೆ ಬೂಟು, ಬಾಯಲ್ಲಿ ರಾಜಕಾರಣ. ನೋಡಿದರೆ ಸಂತೋಷವಾಗುವದು. ಆದರೆ ಅದೇ ಮಹನೀಯರು ತಿರುಗಿ ಬರುವಾಗ ಚಹದ ಗಾಡಿಯ ಮುಂದೆ ನಿಂತು, ಸಕ್ಕರೆ ತುಂಬಿದ ಚಹವನ್ನೂ ಅದರ ಸಂಗಡ ಬಿಸಿ ಭಜಿಯನ್ನೂ ತೀರಿಸಿಕೊಂಡು ಮನೆಗೆ ಹೋಗುವರು. ಸಂಜೆಯಾದರೆ ಇವರ ಮಕ್ಕಳು ಜಿಮ್ಮಿನಲ್ಲಿ ಕಬ್ಬಿಣವನ್ನೆತ್ತಿ, ಬರುವ ದಾರಿಯಲ್ಲಿ ಸಾವಿರಾರು ರೂಪಾಯಿಯ ಪುಡಿಯ ಡಬ್ಬಿಯನ್ನು ಕೊಳ್ಳುವರು. ಮನೆಯಲ್ಲಿ ತಾಯಂದಿರು ಸೋಮವಾರ, ಗುರುವಾರ, ಶನಿವಾರಗಳೆಂದು ಒಪ್ಪತ್ತು ಮಾಡಿ, ಮೈ ಇಳಿಯಲಿಲ್ಲವಲ್ಲ ಎಂದು ಕೊರಗುವರು. ಆ ಒಪ್ಪತ್ತಿನ ತಾಟಿನಲ್ಲಿ ಸಾಬೂದಾಣಿಯ ಖಿಚಡಿಯೂ ಬಟಾಟೆಯೂ ತುಪ್ಪವೂ ಇರುತ್ತವೆಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವದಿಲ್ಲ. ಹೀಗೆ ಒಂದೇ ಮನೆಯಲ್ಲಿ ಕಸರತ್ತು ಒಬ್ಬರ ಪಾಲಿಗೆ, ಪಥ್ಯವು ಇನ್ನೊಬ್ಬರ ಪಾಲಿಗೆ ಹಂಚಿಹೋಗಿದೆ. ಎರಡೂ ಒಂದೇ ಮೈಯಲ್ಲಿ ಕೂಡದೆ ಇದ್ದರೆ ಫಲವಿಲ್ಲವೆಂಬುದನ್ನು ಲೆಕ್ಕಹಾಕಿ ತೋರಿಸುವದೇ ನಮ್ಮ ಇಂದಿನ ಕೆಲಸವು.

ಗಣಿತದ ಮಾಸ್ತರರು ಇಲ್ಲಿ ಇರುವರೆಂದು ಧೈರ್ಯ ಮಾಡಿ ಅಂಕಿಗಳನ್ನು ಹೇಳುತ್ತೇವೆ. ಒಂದು ಗ್ರಾಮು ಕೊಬ್ಬಿನಿಂದ 9 ಕ್ಯಾಲೊರಿ ಶಕ್ತಿಯು, ಒಂದು ಗ್ರಾಮು ಹಿಟ್ಟು ಇಲ್ಲವೆ ಸಕ್ಕರೆಯ ಸತ್ವದಿಂದ 4 ಕ್ಯಾಲೊರಿಯು ದೊರೆಯುವದು. ಅರವತ್ತೈದು ಕಿಲೊ ತೂಕದ ಮನುಷ್ಯನು ಒಂದು ತಾಸು ಚುರುಕಾಗಿ ನಡೆದರೆ ಸುಮಾರು 250ರಿಂದ 300 ಕ್ಯಾಲೊರಿಯು ವೆಚ್ಚವಾಗುವದು. ಈಗ 30 ಗ್ರಾಮು ಎಣ್ಣೆಯನ್ನು ತೆಗೆದುಕೊಳ್ಳಿರಿ, ಎರಡು ದೊಡ್ಡ ಚಮಚೆಗಿಂತ ತುಸು ಹೆಚ್ಚು. ಅದರಲ್ಲಿ 270 ಕ್ಯಾಲೊರಿ. ಅಂದರೆ ಒಂದು ತಾಸಿನ ನಡಿಗೆಯನ್ನು ಅಳಿಸಿಹಾಕಲು ಇಷ್ಟು ಎಣ್ಣೆಯು ಸಾಕು, ಮತ್ತು ಭಜಿ, ವಡೆಗಳಲ್ಲಿ ಅದು ಎಷ್ಟು ಬೇಗ ಒಳಗೆ ಹೋಗುವದೆಂಬುದನ್ನು ಕರಿಯುವವನೇ ಬಲ್ಲನು. ನಡೆಯುವದು ವ್ಯರ್ಥವೆಂದು ಇದರಿಂದ ಯಾರೂ ತಿಳಿಯಬಾರದು. ನಡಿಗೆಯಿಂದ ಹೃದಯವು ಗಟ್ಟಿಯಾಗುವದು, ರಕ್ತದಲ್ಲಿಯ ಸಕ್ಕರೆಯು ಹತೋಟಿಗೆ ಬರುವದು, ನಿದ್ದೆಯು ಸುಧಾರಿಸುವದು. ಆದರೆ ತೂಕ ಇಳಿಸುವ ಭಾರವನ್ನೆಲ್ಲ ಕಾಲುಗಳ ಮೇಲೆಯೇ ಹೊರಿಸಿ ಬಾಯಿಗೆ ರಜೆ ಕೊಟ್ಟರೆ ಕಾಲು ಸೋಲುವದು.

ಇದಕ್ಕೆ ವಿರುದ್ಧವಾಗಿ ಬಾಯಿಯೊಂದನ್ನೇ ಕಟ್ಟಿದರೆ ಏನಾಗುವದು? 1944ರ ಕೊನೆಗೆ ಅಮೇರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿಯು 36 ಜನ ತರುಣರ ಮೇಲೆ ಒಂದು ಪ್ರಯೋಗವನ್ನು ಪ್ರಾರಂಭಿಸಿದನು. ಅವರೆಲ್ಲರೂ ಯುದ್ಧ ಮಾಡಲೊಪ್ಪದೆ ಈ ಸೇವೆಗೆ ತಾವಾಗಿ ಬಂದವರು. ಅರ್ಧ ತಿಂಗಳಲ್ಲ, ಪೂರ್ತಿ 24 ವಾರಗಳ ವರೆಗೆ ಅವರಿಗೆ ಅರ್ಧ ಹೊಟ್ಟೆಯ ಊಟವನ್ನು ಕೊಡಲಾಯಿತು. ತೂಕವು ನಾಲ್ಕರಲ್ಲಿ ಒಂದು ಪಾಲು ಇಳಿಯಿತು. ಆದರೆ ಕೊಬ್ಬಿನ ಸಂಗಡ ಸ್ನಾಯುವೂ ಕರಗಿತು, ಕೈಕಾಲು ತಣ್ಣಗಾದವು, ಮನಸ್ಸು ಹಗಲಿರುಳು ಅನ್ನವೊಂದನ್ನೇ ಧ್ಯಾನಿಸತೊಡಗಿತು. ಮುಂದೆ ಹೊಟ್ಟೆ ತುಂಬ ಉಣಬಡಿಸಿದಾಗ ಮೈಯು ಮೊದಲು ತುಂಬಿಕೊಂಡದ್ದು ಕೊಬ್ಬನ್ನು, ಸ್ನಾಯುವು ಹಿಂದೆ ಬಿದ್ದಿತು. ಒಂದು ತಿಂಗಳು ಬರಿಯ ಹಣ್ಣಿನ ರಸ, ಇನ್ನೊಂದು ತಿಂಗಳು ಬರಿಯ ಸೌತೆಕಾಯಿ ಎಂದು ಆರು ಕಿಲೊ ಇಳಿಸಿ, ದೀಪಾವಳಿಯ ಹೊತ್ತಿಗೆ ಎಂಟು ಕಿಲೊ ಏರಿಸಿಕೊಳ್ಳುವ ನಮ್ಮ ಬಂಧುಗಳ ಕಥೆಯು ಇದೇ. ಕಸರತ್ತಿಲ್ಲದೆ ಊಟವನ್ನಷ್ಟೇ ಕಡಿದು ಇಳಿಸಿದ ತೂಕದಲ್ಲಿ ಸಾಮಾನ್ಯವಾಗಿ ಕಾಲು ಭಾಗದಷ್ಟು ಸ್ನಾಯು ಮೊದಲಾದ ಉಪಯುಕ್ತ ಅಂಶವೇ ಇರುತ್ತದೆ. ಸ್ನಾಯು ಹೋದರೆ ಕೂತಲ್ಲಿ ಕೂಡ ಮೈಯು ಸುಡುವ ಶಕ್ತಿಯು ಕಡಿಮೆಯಾಗುವದು. ಹೀಗೆ ಮುಂದಿನ ಸಲ ತೂಕ ಇಳಿಸುವದು ಮೊದಲಿಗಿಂತ ಕಠಿಣವಾಗುವದು. ತಕ್ಕಡಿಯ ಮುಳ್ಳು ಇಳಿಯಿತೆಂದು ಹಿಗ್ಗುವ ಮೊದಲು ಇಳಿದದ್ದು ಯಾವುದು ಎಂದು ಕೇಳಬೇಕು.

ಈ ಮಾತನ್ನು ನಮ್ಮ ಗರಡಿಯ ವಸ್ತಾದರು ಯಾವ ಪ್ರಯೋಗಶಾಲೆಯೂ ಇಲ್ಲದೆ ಬಲ್ಲವರಾಗಿದ್ದರು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ವಿಶ್ವಕೋಶದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಉಂಟು. ಅದರಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳ ಮೇಲಿಂದ ವಿಂಗಡಿಸಿದೆ. ಅವರಿಗೆ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ ಎಂದು ಬೇರೆ ಬೇರೆ ಸಾಧನೆಗಳನ್ನು ಹೇಳಿದೆ. ಭಾರವನ್ನೆತ್ತುವದು, ತಿರುಗಾಡುವದು, ಈಜುವದು, ಕಂಬದ ಮೇಲೆ ಕಸರತ್ತು ಮಾಡುವದು: ಇಂದಿನ ಯಾವ ಜಿಮ್ಮಿನ ಫಲಕದಲ್ಲಿ ಇದಕ್ಕಿಂತ ಹೆಚ್ಚಿನದು ಬರೆದಿದೆ? ಅಷ್ಟೇ ಅಲ್ಲ, ಅದೇ ಪ್ರಕರಣದಲ್ಲಿ ಮಲ್ಲರಿಗೆ ಬೇಳೆ, ಮಾಂಸ, ಹಾಲು ಮೊದಲಾದ ಪುಷ್ಟಿಯ ಆಹಾರವನ್ನು ವಿಧಿಸಿದೆ. ಶ್ರಮವನ್ನೂ ಅನ್ನವನ್ನೂ ಅರಸನು ಒಂದೇ ಪ್ರಕರಣದಲ್ಲಿ ಇರಿಸಿದನೆಂಬುದನ್ನು ತಾವು ಲಕ್ಷಿಸಬೇಕು. ಒಂಬತ್ತು ಶತಮಾನಗಳ ಮೇಲೆ ನಾವು ಅವೆರಡನ್ನೂ ಬೇರೆ ಬೇರೆ ಅಂಗಡಿಗಳಲ್ಲಿ ಕೊಳ್ಳುತ್ತಿರುವೆವು.

ಗರಡಿಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆಯ ರಸಗಳನ್ನು ಹಾಕಿ ಹದಗೊಳಿಸುವಂತೆ ಪೈಲವಾನನ ಊಟವನ್ನೂ ವಸ್ತಾದನು ಹದಗೊಳಿಸುತ್ತಿದ್ದನು. ಐದುನೂರು ಬೈಠಕು ಹೊಡೆಯುವವನಿಗೆ ಸೇರುಗಟ್ಟಲೆ ಹಾಲು, ಬದಾಮಿಯ ಥಂಡಾಯಿ, ತುಪ್ಪ. ಹೊಡೆಯದವನಿಗೆ ಅದು ಇಲ್ಲ. ಲೆಕ್ಕವು ಇಷ್ಟು ಸರಳವಾಗಿತ್ತು. ಈ ಭಾಗದಲ್ಲಿ ತಿರುಗಾಡಿದವರು ಒಂದು ದೃಶ್ಯವನ್ನು ಕಂಡೇ ಇರುತ್ತಾರೆ: ಹರೆಯದಲ್ಲಿ ಜಾತ್ರೆಯ ಮೈದಾನಗಳಲ್ಲಿ ಮೆರೆದ ಪೈಲವಾನನು ಕುಸ್ತಿ ಬಿಟ್ಟ ಐದಾರು ವರ್ಷಗಳಲ್ಲಿ ಹೊಟ್ಟೆ ಬಿಟ್ಟು, ಮಂಡಿ ಹಿಡಿದು ಕೂತಿರುವದು. ಅವನು ಅಖಾಡವನ್ನು ಬಿಟ್ಟನು, ಹಾಲು ತುಪ್ಪವನ್ನು ಬಿಡಲಿಲ್ಲ. ನಮ್ಮ ನಗರವಾಸಿಗಳ ಸ್ಥಿತಿಯು ಇದಕ್ಕಿಂತಲೂ ವಿಚಿತ್ರವಾದುದು. ಅಪ್ಪ ಅಜ್ಜಂದಿರು ಹೊಲದಲ್ಲಿ ಕುಂಟೆ ಹೊಡೆದು ಬಂದು ಉಂಡ ಊಟವನ್ನು ನಾವು ಕುರ್ಚಿಯ ಮೇಲೆ ಕೂತು ಉಣ್ಣುವೆವು, ಮೇಲೆ ಒಂದು ತುಣುಕು ಕುಂದಾವನ್ನೂ ಬೇಡೆನ್ನುವದಿಲ್ಲ. ಕುಂದಾ ನಮ್ಮ ಊರಿನ ಹೆಮ್ಮೆ, ಗೋಕಾಕದ ಕರದಂಟು ಜಿಲ್ಲೆಯ ಹೆಮ್ಮೆ. ಅವುಗಳ ಮೇಲೆ ನಮಗೆ ವೈರವಿಲ್ಲ. ಆದರೆ ಕರದಂಟು, ಅಂಟಿನುಂಡಿಗಳು ಬಾಣಂತಿಗೂ ದುಡಿಯುವವನಿಗೂ ಹೇಳಿದ ಪದಾರ್ಥಗಳು, ದೂರದರ್ಶನದ ಮುಂದೆ ಕೂತವನಿಗಲ್ಲ.

ಇಷ್ಟು ಹೇಳಿದಾಗ ಸಭೆಯಲ್ಲಿ ಸಪೂರಾಗಿರುವ ಮಹನೀಯರು ತಮ್ಮ ತೆಳ್ಳನೆಯ ತೋಳುಗಳನ್ನು ನೋಡಿಕೊಂಡು ಸಮಾಧಾನಪಡುವರು. ಅವರಿಗೇ ನಾವು ಹೆಚ್ಚಿನ ಎಚ್ಚರಿಕೆ ಹೇಳಬೇಕಾಗಿದೆ. ಪುಣೆಯ ವೈದ್ಯ ಸಂಶೋಧಕರಾದ ಡಾ. ಚಿತ್ತರಂಜನ ಯಾಜ್ಞಿಕರೂ ಅವರ ಇಂಗ್ಲಂಡದ ಮಿತ್ರರಾದ ಡಾ. ಜಾನ್ ಯುಡ್ಕಿನ್ನರೂ 2004ರಲ್ಲಿ ತಮ್ಮ ಜೋಡಿ ಭಾವಚಿತ್ರವನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತೂಕವನ್ನು ಹೊಂದಿಸಿ ನೋಡುವ ಸೂಚ್ಯಂಕವು ಇಬ್ಬರಿಗೂ ಒಂದೇ, 22.3. ಆದರೆ ಮೈಯಲ್ಲಿಯ ಕೊಬ್ಬನ್ನು ಅಳೆದಾಗ ಆಂಗ್ಲರಲ್ಲಿ ಅದು ನೂರಕ್ಕೆ 9.1, ನಮ್ಮವರಲ್ಲಿ 21.2! ಹೊರಗೆ ಸಣಕಲು, ಒಳಗೆ ಬೊಜ್ಜು. ಇದು ಭಾರತೀಯರ ಮೈಯ ಗುಟ್ಟು. ಇದರ ಬೇರು ತಾಯಿಯ ಗರ್ಭದ ವರೆಗೂ ಹೋಗುವದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. ಅರ್ಧ ಶತಮಾನದ ಮೇಲೆ ಸಂಶೋಧಕರು ಆ ಕೂಸುಗಳನ್ನು, ಆಗ ಅವರು ಮುದುಕರಾಗುತ್ತ ಬಂದಿದ್ದರು, ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಿಂದ ಹುಟ್ಟಿದವರಲ್ಲಿಯೇ ಹೃದಯರೋಗವು ಹೆಚ್ಚಾಗಿ ಕಂಡುಬಂದಿತೆಂದು 1996ರಲ್ಲಿ ಪ್ರಕಟವಾಯಿತು. ಒಬ್ಬ ಕಾರಕೂನನು ಅಚ್ಚುಕಟ್ಟಾಗಿ ಬರೆದಿಟ್ಟ ದಫ್ತರವು ಎಷ್ಟು ದೂರ ಬೆಳಕು ಚೆಲ್ಲುವದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದನ್ನು ಉಣ್ಣುವ ಸೊಸೆಯ ತಾಟಿಗೂ, ಐವತ್ತು ವರ್ಷಗಳ ಮೇಲೆ ಅವಳ ಮಗನ ಹೃದಯಕ್ಕೂ ಸಂಬಂಧವುಂಟು. ಆಹಾರದ ಸುಧಾರಣೆಯನ್ನು ಮಾಡಬೇಕೆನ್ನುವವರು ಮೊದಲು ಈ ಪಂಕ್ತಿಯನ್ನು ಸುಧಾರಿಸಲಿ.

ಈ ಕಾರಣದಿಂದಲೇ ತಕ್ಕಡಿಗಿಂತ ದರ್ಜಿಯ ಟೇಪು ನಮಗೆ ಒಳ್ಳೆಯ ಸಾಕ್ಷಿಯು. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದು. ಸೂಚ್ಯಂಕವು 23ನ್ನು ದಾಟಿತೆಂದರೆ ಎಚ್ಚರವಾಗಬೇಕು, ಪಾಶ್ಚಾತ್ಯರಿಗಿರುವ 25ರ ಗೆರೆಯು ನಮಗಲ್ಲ. ಲಂಡನ್ ನಗರದಲ್ಲಿ ಜೆರೆಮಿ ಮೊರಿಸ್ ಎಂಬ ವೈದ್ಯನು ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರೀಕ್ಷಿಸಿ 1953ರಲ್ಲಿ ಒಂದು ಲೇಖನ ಬರೆದನು. ದಿನವೆಲ್ಲ ಕೂತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರರಿಗೆ ಹೃದಯರೋಗವು ಕಡಿಮೆ. ಮುಂದೆ 1956ರಲ್ಲಿ ಅವರ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದಾಗ ಚಾಲಕರ ಪಾಟಲೋಣಿನ ಸೊಂಟವು ದೊಡ್ಡದೆಂದು ತಿಳಿಯಿತು. ಒಂದು ತೋರಿಕೆಯಲ್ಲಿ ಕೆಲಸವು ಮುಖ್ಯ, ಇನ್ನೊಂದರಲ್ಲಿ ಸೊಂಟವು ಮುಖ್ಯ. ಎರಡನ್ನೂ ಬಿಡಿಸಿ ಹೇಳುವದು ಅವನಿಗೂ ಸುಲಭವಾಗಲಿಲ್ಲ.

ಇನ್ನು ತಾಟಿನ ವಿಚಾರಕ್ಕೆ ಬರೋಣ. ನಮ್ಮ ಬೆಳಗಾವಿಯು ಎರಡು ಅನ್ನಗಳ ಗಡಿಯ ಮೇಲೆ ಕೂತಿದೆ. ದಕ್ಷಿಣಕ್ಕೆ ಖಾನಾಪುರದ ಕಾಡು, ಭತ್ತದ ಗದ್ದೆ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿಗಳ ಎರೆಯ ಹೊಲ, ಬಿಳಿಜೋಳ. ಆದುದರಿಂದ ನಮ್ಮ ಮನೆಗಳಲ್ಲಿ ರೊಟ್ಟಿಯ ಮೇಲೆ ಅನ್ನವು ಬರುವದು, ಅನ್ನದ ಮೇಲೆ ಮತ್ತೆ ಅನ್ನ ಮಜ್ಜಿಗೆಯು ಬರುವದು. ಎರಡೂ ಸೀಮೆಗಳಿಗೆ ನ್ಯಾಯ ದೊರಕಿಸುವ ಹುರುಪಿನಲ್ಲಿ ಹೊಟ್ಟೆಗೆ ಅನ್ಯಾಯವಾಗುವದು. ಇತ್ತೀಚೆಗೆ ಜೋಳದ ರೊಟ್ಟಿ ತಿಂದರೆ ತೂಕ ಇಳಿಯುವದೆಂಬ ಒಂದು ನಂಬಿಕೆಯು ಹಬ್ಬಿದೆ. ಜೋಳದ ಮೇಲೆ ನಮಗೆ ಅಪಾರ ಪ್ರೀತಿ ಇದ್ದರೂ ಸತ್ಯವನ್ನು ಹೇಳಲೇಬೇಕು: 100 ಗ್ರಾಮು ಜೋಳದಲ್ಲಿ ಸುಮಾರು 350 ಕ್ಯಾಲೊರಿ, ಗೋಧಿ, ಅಕ್ಕಿಗಳಲ್ಲಿಯೂ ಬಹುತೇಕ ಅಷ್ಟೇ. ರೊಟ್ಟಿಗೆ ಐವತ್ತು ಗ್ರಾಮು ಹಿಟ್ಟು ಹಿಡಿದರೆ ಒಂದೊಂದು ರೊಟ್ಟಿಗೆ 175 ಕ್ಯಾಲೊರಿಯಾಯಿತು. ಎರಡರಲ್ಲಿ ನಿಲ್ಲಬೇಕಾದವನು ಆರೋಗ್ಯದ ಹೆಸರಿನಲ್ಲಿ ನಾಲ್ಕನ್ನು ಮುಗಿಸಿದರೆ ಜೋಳವು ಅವನನ್ನು ಕಾಯುವದಿಲ್ಲ. ಜೋಳದ ಗುಣವಿರುವದು ಬೇರೆ ಕಡೆಗೆ. ಅದರಲ್ಲಿ ನಾರು ಇದೆ, ಅಗಿದು ತಿನ್ನಬೇಕಾಗುವದರಿಂದ ಊಟವು ನಿಧಾನವಾಗುವದು. ಎಲ್ಲಕ್ಕಿಂತ ಹೆಚ್ಚಾಗಿ ಅದು ಒಂಟಿಯಾಗಿ ಬರುವದಿಲ್ಲ. ಮೊಳಕೆಯ ಮಡಿಕೆ ಕಾಳು, ಹೆಸರು ಕಾಳಿನ ಪಲ್ಯ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳಿನ ಪುಡಿ, ಹಸಿ ಮೆಂತ್ಯೆಯ ಸೊಪ್ಪು, ಹಕ್ಕರಿಕೆ, ಗಜ್ಜರಿ, ಮೂಲಂಗಿ, ಒಂದು ಬಟ್ಟಲು ಮೊಸರು, ಇವಿಷ್ಟು ಪರಿವಾರದೊಡನೆ ಅದು ಬರುವದು. ಪರಿವಾರವನ್ನು ಮನೆಯ ಹೊರಗೆ ನಿಲ್ಲಿಸಿ ರೊಟ್ಟಿಯನ್ನೂ ಒಂದಿಷ್ಟು ಬೆಣ್ಣೆಯನ್ನೂ ಉಂಡವನು ಜೋಳದ ಊಟವನ್ನು ಉಂಡಂತಾಗಲಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲಿ 2000 ಕ್ಯಾಲೊರಿಯ ಒಂದು ದಿನದ ತಾಟನ್ನು ಹೀಗೆ ಹಾಕಿದ್ದಾರೆ: ಧಾನ್ಯ 250 ಗ್ರಾಮು, ಬೇಳೆಕಾಳು 85 ಗ್ರಾಮು, ಕಾಯಿಪಲ್ಯ ಸೊಪ್ಪುಗಳು ಕೂಡಿ 400 ಗ್ರಾಮು, ಹಣ್ಣು 100 ಗ್ರಾಮು, ಹಾಲು ಇಲ್ಲವೆ ಮೊಸರು 300 ಮಿಲಿಲೀಟರು, ಎಣ್ಣೆ ತುಪ್ಪ 27 ಗ್ರಾಮು, ಇದಲ್ಲದೆ ಸ್ವಲ್ಪ ಶೇಂಗಾ ಮೊದಲಾದ ಬೀಜಗಳು. ಇದರಲ್ಲಿಯ ಎಣ್ಣೆಯ ಅಂಕಿಯನ್ನು ತಾವು ಮನೆಗೆ ಹೋಗಿ ಕಿರಾಣಿ ಚೀಟಿಯ ಸಂಗಡ ತಾಳೆ ನೋಡಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ ಮೂರೂಕಾಲು ಕಿಲೊ ಆಗುವದು. ಎಣ್ಣೆಯೊಂದೇ ಐದು ಕಿಲೊ ತರುವ ಮನೆಯಲ್ಲಿ ಬೊಜ್ಜಿನ ಕಾರಣವನ್ನು ಜಾತಕದಲ್ಲಿ ಹುಡುಕಬೇಕಾಗಿಲ್ಲ.

ಮೈಗೆ ಕಸುವು ಕೊಡುವ ಪ್ರೋಟೀನಿನ ಬಗ್ಗೆ ತರುಣರಲ್ಲಿ ದೊಡ್ಡ ಗದ್ದಲವಿದೆ. ಸಾಮಾನ್ಯ ಮನುಷ್ಯನಿಗೆ ತೂಕದ ಕಿಲೊ ಒಂದಕ್ಕೆ ದಿನಕ್ಕೆ 0.83 ಗ್ರಾಮು ಬೇಕು. 65 ಕಿಲೊದವನಿಗೆ 54 ಗ್ರಾಮು. ಜೋಳ 200 ಗ್ರಾಮಿನಲ್ಲಿ 20, ಬೇಳೆಕಾಳು 85 ಗ್ರಾಮಿನಲ್ಲಿ 20, ಹಾಲು ಮೊಸರಿನಲ್ಲಿ 10ರ ಸುಮಾರು, ಒಂದು ಹಿಡಿ ಶೇಂಗಾದಲ್ಲಿ 7. ಕೂಡಿಸಿದರೆ 57 ಗ್ರಾಮು ಆಯಿತು, ಡಬ್ಬಿಯ ಮುಚ್ಚಳವನ್ನು ಇನ್ನೂ ತೆಗೆದಿಲ್ಲ. ಭಾರವನ್ನೆತ್ತುವ ತರುಣನಿಗೂ, ತೂಕ ಇಳಿಸುತ್ತಿರುವವನಿಗೂ ಇದಕ್ಕಿಂತ ಹೆಚ್ಚು ಬೇಕಾಗುವದು, ಕಿಲೊಕ್ಕೆ 1.2 ಗ್ರಾಮಿನ ಮೇಲ್ಪಟ್ಟು. ಅಂಥವನು ಎರಡು ತತ್ತಿಯನ್ನು, ತತ್ತಿ ತಿನ್ನದವನು ಇನ್ನೊಂದು ಬಟ್ಟಲು ಮೊಳಕೆ ಕಾಳನ್ನೂ ಮೊಸರನ್ನೂ ಸೇರಿಸಿಕೊಳ್ಳಲಿ. ಆಗ ರೊಟ್ಟಿಯೊಂದನ್ನು ಇಳಿಸಲಿ. ಹುರುಳಿಯಲ್ಲಿ ನೂರಕ್ಕೆ 22 ಪಾಲು ಪ್ರೋಟೀನಿದೆ. ಎತ್ತಿಗೆ ಹುರುಳಿ ತಿನ್ನಿಸಿ, ಮಗನಿಗೆ ಡಬ್ಬಿಯ ಪುಡಿ ತಿನ್ನಿಸುವವರಿಗೆ ನಾವೇನು ಹೇಳೋಣ? ಪ್ರೋಟೀನಿನ ಪುಡಿಗಳನ್ನು ಬಳಸದಿರುವದೇ ಒಳ್ಳೆಯದೆಂದು ಆ ಸಂಸ್ಥೆಯವರೂ ಹೇಳಿದ್ದಾರೆ. ಮೂತ್ರಪಿಂಡದ ದೋಷವಿದ್ದವರು ಮಾತ್ರ ಪ್ರೋಟೀನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳತಕ್ಕದ್ದು.

ಈಗ ಎರಡನ್ನೂ ಜೋಡಿಸಿ ನೋಡೋಣ. ಒಂದು ಕಿಲೊ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿಯು ಕೂಡಿಟ್ಟಿರುತ್ತದೆ. ವಾರಕ್ಕೆ ಅರ್ಧ ಕಿಲೊ ಇಳಿಸಬೇಕಾದರೆ ದಿನಕ್ಕೆ 550 ಕ್ಯಾಲೊರಿ ಕೊರತೆ ಬೀಳಬೇಕು. ಇಷ್ಟನ್ನೂ ನಡಿಗೆಯಿಂದ ತೆಗೆಯಬೇಕೆಂದರೆ ದಿನಕ್ಕೆ ಎರಡು ತಾಸು ಬೇಕು. ಸಂಸಾರಸ್ಥನಿಗೆ ಅದು ಆಗದ ಮಾತು. ಇಷ್ಟನ್ನೂ ತಾಟಿನಿಂದ ತೆಗೆಯಬೇಕೆಂದರೆ ಹಸಿವು ಮನುಷ್ಯನನ್ನು ಹತ್ತನೆಯ ದಿನಕ್ಕೆ ಸೋಲಿಸುವದು. ಆದರೆ ಒಂದು ತಾಸಿನ ನಡಿಗೆಯಿಂದ 270, ತಾಟಿನಲ್ಲಿ ಒಂದು ರೊಟ್ಟಿ ಹಾಗೂ ಎರಡು ಚಹದ ಸಕ್ಕರೆ, ಒಗ್ಗರಣೆಯ ಒಂದು ಚಮಚೆ ಎಣ್ಣೆ ಕಡಿಮೆ ಮಾಡಿ ಇನ್ನೊಂದು 270: ಇದು ಯಾರಿಗೂ ಭಾರವಲ್ಲ. ದೇಹವು ಕಿರಾಣಿ ಅಂಗಡಿಯ ಖಾತೆಯಂತೆ ನಡೆಯುವದಿಲ್ಲವೆಂಬುದೂ ನಿಜವೇ. ತೂಕ ಇಳಿದ ಹಾಗೆ ವೆಚ್ಚವೂ ಇಳಿಯುವದರಿಂದ ಮೂರನೆಯ ತಿಂಗಳಿಗೆ ಮುಳ್ಳು ನಿಧಾನವಾಗುವದು. ಆಗ ಬಹಳ ಜನರು ಕೈಬಿಡುವರು. ಅಲ್ಲಿಯೇ ಕೈಬಿಡಬಾರದು.

ಕಸರತ್ತು ಎಂದರೆ ನಡಿಗೆಯೊಂದೇ ಎಂದು ತಿಳಿದವರು ಅರ್ಧ ದಾರಿಯಲ್ಲಿ ನಿಂತವರು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದ ಪ್ರಕಾರ ಪ್ರಾಪ್ತ ವಯಸ್ಕರು ವಾರಕ್ಕೆ 150ರಿಂದ 300 ಮಿನಿಟುಗಳ ಸಾಧಾರಣ ಶ್ರಮವನ್ನೂ, ಅದರ ಮೇಲೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಸಾಧನೆಯನ್ನೂ ಮಾಡಬೇಕು. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ವೇಗವಿದ್ದರೆ ಸಾಕು. ಬಲಸಾಧನೆಗೆ ಯಂತ್ರಗಳು ಬೇಕೇ ಬೇಕೆಂದಿಲ್ಲ. ದಂಡ, ಬೈಠಕುಗಳು ನಮ್ಮವೇ. ಐವತ್ತರ ಮಾಸ್ತರರು ಕುರ್ಚಿಯಿಂದ ಕೈ ಊರದೆ ಎದ್ದು ಕೂಡುವದನ್ನು ಹತ್ತು ಸಲ, ಗೋಡೆಗೆ ಕೈಯೂರಿ ದಂಡ ಹತ್ತು ಸಲ, ಎಂದು ಪ್ರಾರಂಭಿಸಲಿ, ವಾರಕ್ಕೆರಡು ಹೆಚ್ಚಿಸಲಿ. ಎಣ್ಣೆಯ ಐದು ಲೀಟರಿನ ಡಬ್ಬಿ ಖಾಲಿಯಾದಾಗ ಎಸೆಯದೆ ನೀರು ತುಂಬಿದರೆ ಐದು ಕಿಲೊದ ಭಾರವಾಯಿತು. ಎರಡು ಕೈಗೆ ಎರಡು ಹಿಡಿದು ಅಂಗಳದಲ್ಲಿ ನಡೆದಾಡಿರಿ. ಎಣ್ಣೆಯ ಡಬ್ಬಿಗೆ ಇದಕ್ಕಿಂತ ಉತ್ತಮವಾದ ಸದ್ಗತಿಯಿಲ್ಲ.

ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ದೇಶವಿದೇಶಗಳಲ್ಲಿ ಹೆಸರಾದ ಪ್ರೊ. ಕೆ. ವಿ. ಅಯ್ಯರರು ಕಬ್ಬಿಣದ ಸಾಧನೆಯನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಮೈಯಲ್ಲಿ ಕೂಡಿಸಿದವರು. ಎರಡಕ್ಕೂ ಜಗಳವೆಂದು ಅವರು ತಿಳಿಯಲಿಲ್ಲ. ಅವರೇ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದವರೆಂದು ಹೇಳಿದರೆ ನಮ್ಮ ಕನ್ನಡ ಪಂಡಿತರಲ್ಲಿ ಕೆಲವರಾದರೂ ನಾಳೆ ಬೆಳಿಗ್ಗೆ ನಮಸ್ಕಾರ ಹಾಕಬಹುದೆಂದು ನಮಗೆ ಆಶೆಯುಂಟು. ಸೂರ್ಯನಮಸ್ಕಾರವು ನಮ್ಮ ಊರಿಗೆ ಇನ್ನೊಂದು ಕಾರಣಕ್ಕಾಗಿ ಬೇಕು. ಆಷಾಢ ಶ್ರಾವಣಗಳಲ್ಲಿ ಇಲ್ಲಿಯ ಜಡಿಮಳೆಯು ವಾರಗಟ್ಟಲೆ ಬಿಡುವದಿಲ್ಲ. ಜೂನಿನಲ್ಲಿ ಮುರಿದ ನಡಿಗೆಯು ದಸರೆಯ ವರೆಗೆ ತಿರುಗಿ ಕೂಡುವದಿಲ್ಲ. ಅದೇ ಅವಧಿಯಲ್ಲಿ ಮಳೆಯ ನೆವದಿಂದ ಬಾಣಲೆಯು ಒಲೆಯಿಂದ ಇಳಿಯುವದಿಲ್ಲ. ಒಂದು ಚಾಪೆಯಷ್ಟು ಜಾಗವಿದ್ದರೆ ಮಳೆಗಾಲದ ಸಾಧನೆಯು ಮನೆಯೊಳಗೇ ಆಗುವದು.

ಇಲ್ಲಿ ಒಂದು ಎಚ್ಚರಿಕೆ. ಸಕ್ಕರೆ ರೋಗಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರೂ, ಸಕ್ಕರೆಯನ್ನು ತೀವ್ರವಾಗಿ ಇಳಿಸುವ ಗುಳಿಗೆಗಳನ್ನು ನುಂಗುವವರೂ ಬರಿಯ ಹೊಟ್ಟೆಯಲ್ಲಿ ಹೆಚ್ಚಿನ ಶ್ರಮ ಮಾಡಿದರೆ ಸಕ್ಕರೆಯು ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕೈನಡುಕ, ಬೆವರು, ಕಣ್ಣು ಮಂಜಾಗುವದು ಕಂಡುಬಂದರೆ ಕೂಡಲೆ ಬೆಲ್ಲವನ್ನೋ ಸಕ್ಕರೆಯನ್ನೋ ಬಾಯಿಗೆ ಹಾಕಿಕೊಳ್ಳಬೇಕು. ಜೇಬಿನಲ್ಲಿ ಒಂದು ಬೆಲ್ಲದ ತುಣುಕು ಇರಲಿ. ನಡೆಯುವಾಗ ಎದೆ ಹಿಡಿದುಕೊಳ್ಳುವವರು ಮೊದಲು ವೈದ್ಯರ ಬಾಗಿಲಿಗೆ ಹೋಗಲಿ, ಆಮೇಲೆ ಕಣಬರ್ಗಿಯ ದಾರಿಗೆ.

ಗುರುವರ್ಗದವರಿಗೆ ಪ್ರತ್ಯೇಕವಾಗಿ ಒಂದು ಮಾತನ್ನು ಹೇಳಲೇಬೇಕಾಗಿದೆ. 1924ರ ಡಿಸೆಂಬರದಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇದೇ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ನೆರೆದಾಗ, ಡಾ. ನಾ. ಸು. ಹರ್ಡೀಕರರ ಸೇವಾದಳದ ಸ್ವಯಂಸೇವಕರ ಶಿಸ್ತು ದೇಶದ ಕಣ್ಣಿಗೆ ಬಿದ್ದಿತು. ಮೈಯನ್ನು ಸಾಧಿಸದ ತರುಣನಿಂದ ನಾಡಿನ ಕೆಲಸವಾಗದೆಂದು ಆ ವೈದ್ಯರು ತಿಳಿದಿದ್ದರು. ಅದೇ ಊರಿನ ಶಾಲೆಗಳಲ್ಲಿ ಇಂದು ಆಟದ ಅವಧಿಯು ಪರೀಕ್ಷೆ ಸಮೀಪಿಸಿತೆಂದರೆ ಗಣಿತಕ್ಕೋ ಇಂಗ್ಲಿಷಿಗೋ ಸಾಲವಾಗಿ ಹೋಗುವದು, ಸಾಲವು ತಿರುಗಿ ಬರುವದಿಲ್ಲ. ಹುಡುಗಿಯರ ಪಾಲಿಗಂತೂ ಮೈದಾನವು ಏಳನೆಯ ತರಗತಿಗೇ ಮುಗಿಯುವದು. ಆದರೆ ಬೆಳಗಾವಿಯ ಹತ್ತಿರದ ತುರಮುರಿಯ ರೈತನ ಮಗಳಾದ ಮಲಪ್ರಭಾ ಜಾಧವ ಎಂಬವಳು 2018ರ ಏಶಿಯನ್ ಕ್ರೀಡೆಗಳಲ್ಲಿ ಕುರಾಶ್ ಎಂಬ ಮಲ್ಲಯುದ್ಧದ 52 ಕಿಲೊ ವಿಭಾಗದಲ್ಲಿ ಕಂಚಿನ ಪದಕವನ್ನು ತಂದಳು. ತೂಕದ ವಿಭಾಗದಲ್ಲಿ ಸೆಣಸುವವಳಿಗೆ ಊಟವೂ ತಾಲೀಮೂ ಒಂದೇ ಲೆಕ್ಕದ ಎರಡು ಅಂಕಣಗಳು; ಕಸುವನ್ನು ಕಳೆದುಕೊಳ್ಳದೆ ತೂಕವನ್ನು ಗೆರೆಯೊಳಗೆ ಇಡಬೇಕು. ಹಳ್ಳಿಯ ಹುಡುಗಿಗೆ ಸಾಧ್ಯವಾದ ಲೆಕ್ಕವು ನಗರದ ಪದವೀಧರರಿಗೆ ಅಸಾಧ್ಯವೆಂದು ನಾವು ಒಪ್ಪಲಾರೆವು. ಪ್ರತಿ ಶಾಲೆಯಲ್ಲಿ ವಾರಕ್ಕೆ ಐದು ಆಟದ ಅವಧಿಗಳು ಯಾವ ವಿಷಯಕ್ಕೂ ಸಾಲ ಹೋಗದಂತೆ ಇರಲಿ. ಮುಖ್ಯಾಧ್ಯಾಪಕರು ಇದನ್ನು ವೇಳಾಪತ್ರಿಕೆಯ ಮೇಲೆ ಕೆಂಪು ಮಸಿಯಿಂದ ಬರೆಯಲಿ. ಮಧ್ಯಾಹ್ನದ ಬಿಸಿಯೂಟಕ್ಕೆ ಸರಕಾರವು ಕೊಡುವ ತತ್ತಿ, ಬಾಳೆಹಣ್ಣು, ಹಾಲುಗಳ ಮೇಲೆ ವಾದ ಮಾಡುವವರು ಆ ಮಕ್ಕಳ ತೋಳನ್ನು ಒಮ್ಮೆ ಹಿಡಿದು ನೋಡಿ ಆಮೇಲೆ ವಾದಕ್ಕಿಳಿಯಲಿ.

ವೇಳೆಯಿಲ್ಲವೆಂಬ ಆಕ್ಷೇಪಣೆಗೆ ನಾವು ಉತ್ತರ ಕೊಡುವದಿಲ್ಲ. ಕೈಯಲ್ಲಿಯ ದೂರವಾಣಿಯೇ ತಾವು ಅದನ್ನು ದಿನಕ್ಕೆ ಎಷ್ಟು ತಾಸು ನೋಡಿದಿರೆಂಬುದನ್ನು ತೋರಿಸುವದು. ರಾತ್ರಿ ಹನ್ನೊಂದರ ಮೇಲೆ ಅದನ್ನು ನೋಡುತ್ತ ಕೂಡುವವನಿಗೆ ನಿದ್ದೆಯೂ ಕಡಿಮೆಯಾಗುವದು, ಮರುದಿನ ಹಸಿವೂ ಹೆಚ್ಚಾಗುವದು.

ಸಭೆಯು ಮುಗಿದ ಮೇಲೆ ಬಾಗಿಲ ಬಳಿ ಒಂದು ಟೇಪು ಹಾಗೂ ಒಂದು ವಹಿಯನ್ನು ಇಟ್ಟಿರುತ್ತೇವೆ. ಬಯಸಿದವರು ಉಸಿರನ್ನು ಸಹಜವಾಗಿ ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಟೇಪನ್ನು ಹಿಡಿದು ಅಳತೆಯನ್ನು ಬರೆಸಬಹುದು. ಹೊಟ್ಟೆಯನ್ನು ಒಳಗೆಳೆದುಕೊಳ್ಳುವದು ಬೇಡ, ವಹಿಗೆ ಮುಲಾಜಿಲ್ಲ. ಹೆಸರು ಬರೆಸಬೇಕಾಗಿಲ್ಲ, ಒಂದು ಅಂಕಿಯನ್ನು ಗುರುತಿಗಾಗಿ ಕೊಡಲಾಗುವದು. ತಾಯಂದಿರ ಅಳತೆಯನ್ನು ತಾಯಂದಿರೇ ತೆಗೆದುಕೊಳ್ಳುವರು. ಮೂರು ತಿಂಗಳ ಮೇಲೆ ಇದೇ ವಹಿಯನ್ನು ಇದೇ ಮೇಜಿನ ಮೇಲೆ ತೆರೆಯುವೆವು.